ಬೇರೆಯವರ ಪರಿಣತಿಯನ್ನು ವಿಜ್ಞಾನಿಗಳು ಯಾವ ಆಧಾರದ ಮೇಲೆ ನಂಬುತ್ತಾರೆ?

ಪ್ರಶ್ನೆ:
ಮಾನ್ಯರೇ, ನಾನು ಪದವಿ ತರಗತಿಗಳಿಗೆ ಭೌತವಿಜ್ಞಾನ ಕಲಿಸುವವನು. ಗುರುತ್ವ ಅಲೆಗಳ (ದೇಶಕಾಲದಲ್ಲೇ ಹರಡುವ ಅಲೆಗಳ) ಮೊದಲ ಪತ್ತೆಯನ್ನು ವರದಿ ಮಾಡಿದ 2016ರ ಪ್ರಬಂಧಕ್ಕೆ ಸಾವಿರದಷ್ಟು ಲೇಖಕರಿದ್ದಾರೆ ಎಂದಾಗ ವಿದ್ಯಾರ್ಥಿನಿಯೊಬ್ಬಳು, "ಸರ್, ಇವರಲ್ಲಿ ಎಷ್ಟು ಜನಕ್ಕೆ ಪ್ರಬಂಧ ಪೂರ್ತಿ ಗೊತ್ತಿರುತ್ತದೆ?" ಎಂದು ಕೇಳಿದಳು. ಪತ್ತೆಯಂತ್ರದ ಕನ್ನಡಿಗಳ ಲೇಪನ ನೋಡಿಕೊಳ್ಳುವವರು ಸಾಪೇಕ್ಷತೆಯ ಸಮೀಕರಣ ಬಿಡಿಸುವವರನ್ನು ನಂಬಿಯೇ ಹೆಸರು ಕೊಟ್ಟಿರುತ್ತಾರಲ್ಲವೇ? ಈ ನಂಬಿಕೆಗೆ ಆಧಾರವೇನು?

ಉತ್ತರ 1:
ಎಡವಿದ ಪ್ರಸಂಗವೊಂದನ್ನು ನೋಡಿದರೆ ಆಧಾರ ಬೇಗ ತಿಳಿಯುತ್ತದೆ. ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡವು 2014ರ ಮಾರ್ಚ್‌ನಲ್ಲಿ, ವಿಶ್ವದ ಆರಂಭಕಾಲದ ಗುರುತ್ವ ಅಲೆಗಳ ಗುರುತು ವಿಶ್ವದ ಬಾಲ್ಯದಿಂದ ಉಳಿದುಬಂದ ಹಿನ್ನೆಲೆ ವಿಕಿರಣದಲ್ಲಿ ಸಿಕ್ಕಿದೆಯೆಂದು ಘೋಷಿಸಿತು. ಅದು ಅಳೆದದ್ದು 150 ಗಿಗಾಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ. ನಮ್ಮ ಗ್ಯಾಲಕ್ಸಿಯ ಧೂಳೂ ಅಂಥದೇ ಗುರುತು ಮೂಡಿಸಬಲ್ಲದಾದ್ದರಿಂದ, ಎರಡನ್ನೂ ಬೇರ್ಪಡಿಸಲು ಧೂಳು ಇನ್ನಷ್ಟು ನಿಚ್ಚಳವಾಗಿ ಕಾಣುವ 353 ಗಿಗಾಹರ್ಟ್ಸ್‌ನಲ್ಲಿ ಯುರೋಪಿನ ಪ್ಲಾಂಕ್ ಉಪಗ್ರಹ ಮಾಡಿದ್ದ ಅಳತೆ ಬೇಕಿತ್ತು, ಅದಿನ್ನೂ ಪ್ರಕಟವಾಗಿರಲಿಲ್ಲ. ಪ್ಲಾಂಕ್ ತಂಡದ ಭಾಷಣವೊಂದರ ಸ್ಲೈಡಿನಲ್ಲಿದ್ದ ನಕ್ಷೆಯಿಂದ ಅಂಕಿಗಳನ್ನು ಎತ್ತಿಕೊಂಡು ಬೈಸೆಪ್‌ನವರು ತಮ್ಮ ಧೂಳಿನ ಮಾದರಿಗಳಲ್ಲೊಂದನ್ನು ಕಟ್ಟಿದರು. ಆ ನಕ್ಷೆಯಲ್ಲಿ ದೂರದ ಗ್ಯಾಲಕ್ಸಿಗಳ ಅವಕೆಂಪು ಬೆಳಕೂ ಬೆರೆತಿತ್ತೆಂಬ ಆಕ್ಷೇಪ ಆಮೇಲೆ ಬಂತು. ನಕ್ಷೆ ಮಾಡಿದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಈ ಮಾತು ಮೊದಲ ದಿನವೇ ಹೊರಬೀಳುತ್ತಿತ್ತೆಂದು ನನಗನ್ನಿಸುತ್ತದೆ. 2015ರಲ್ಲಿ ಎರಡೂ ತಂಡಗಳು ದತ್ತಾಂಶವನ್ನು ಹಂಚಿಕೊಂಡು ಒಟ್ಟಿಗೆ ಲೆಕ್ಕ ಹಾಕಿದಾಗ, ಗುರುತಿನ ಗಣನೀಯ ಭಾಗ ಧೂಳಿನದೆಂದೂ, ಉಳಿದದ್ದನ್ನು ಪುರಾವೆಯೆನ್ನಲಾಗದೆಂದೂ ತಿಳಿಯಿತು.

ಉತ್ತರ 2:
ಒಪ್ಪುತ್ತೇನೆ, ಆದರೆ ದೋಷ ಯಾವಾಗಲೂ ಎರವಲು ತಂದದ್ದರಲ್ಲೇ ಇರುವುದಿಲ್ಲ. ಜಿನೀವಾ ಬಳಿಯ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ತಲುಪಿದವೆಂದು 2011ರಲ್ಲಿ ಒಪೆರಾ ತಂಡ ಹೇಳಿತಷ್ಟೆ. ಗಡಿಯಾರಗಳ ಹೊಂದಾಣಿಕೆಯನ್ನು ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಮಾಪನ ಸಂಸ್ಥೆಗಳ ಪರಿಣತರು ಪರಿಶೀಲಿಸಿದ್ದರು. ಕೊನೆಗೆ ಮುಖ್ಯ ತಪ್ಪು ಸಿಕ್ಕಿದ್ದು ತಂಡದ ಸ್ವಂತ ಉಪಕರಣದಲ್ಲಿ, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕನೆಕ್ಟರಿನಲ್ಲಿ!

ಉತ್ತರ 3:
ನಿಮ್ಮ ವಿದ್ಯಾರ್ಥಿನಿಗೆ ಆ 2016ರ ಪತ್ತೆ ಮಾಡಿದ ಲೈಗೋದವರದೇ ಪ್ರಸಂಗವೊಂದನ್ನು ಹೇಳಿ. 2010ರ ಸೆಪ್ಟೆಂಬರ್‌ನಲ್ಲಿ ಅವರೊಳಗಿನ ಕೆಲವೇ ಮಂದಿ ಯಾರಿಗೂ ತಿಳಿಸದೆ ಯಂತ್ರಕ್ಕೆ ಸುಳ್ಳು ಸಂಕೇತವನ್ನು ಸೇರಿಸಿದ್ದರು. ಇಂಥ ಪರೀಕ್ಷೆ ನಡೆಯಬಹುದೆಂದಷ್ಟೇ ಎಲ್ಲರಿಗೂ ಗೊತ್ತಿತ್ತು. ಇದೇ ಅದು ಎಂದು ಗೊತ್ತಿರಲಿಲ್ಲ. ಉಳಿದವರು ತಿಂಗಳುಗಟ್ಟಲೆ ವಿಶ್ಲೇಷಿಸಿ, ಪ್ರಬಂಧವನ್ನೂ ಬರೆದಿಟ್ಟುಕೊಂಡು, 2011ರ ಮಾರ್ಚ್‌ನಲ್ಲಿ ಸಭೆ ಸೇರಿದರು. ನಿಜ ತಿಳಿದದ್ದು ಅಲ್ಲಿ ಗುಟ್ಟನ್ನು ಅಡಗಿಸಿಟ್ಟಿದ್ದ ಲಕೋಟೆ ಒಡೆದಾಗಲೇ.