ಅಪ್‌ಡೇಟ್: ಮಗಳು ಅದೇ ಶಾಲೆಯಲ್ಲಿ ಉಳಿದಳು

ಹೋದ ತಿಂಗಳು ಕೇಳಿದ್ದೆನಲ್ವಾ, ನನ್ನ ಮಗಳಿಗೆ ದೃಷ್ಟಿ ತುಂಬಾ ಕಮ್ಮಿ, ಏಳನೇ ಕ್ಲಾಸು, ಸರ್ಕಾರಿ ಶಾಲೆ. ವಿಶೇಷ ಶಾಲೆಗೆ ಸೇರಿಸಿ ಅಂತ ಹೆಡ್‌ಮಾಸ್ಟರ್ ಹೇಳುತ್ತಿದ್ದಾರೆ, ಏನು ಮಾಡಲಿ ಅಂತ.

ನೀವು ಹೇಳಿದ ಹಾಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಓದಿದೆ. 31ನೇ ಸೆಕ್ಷನ್ ಓದುವಾಗ ಕಣ್ಣು ತುಂಬಿ ಬಂತು. ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಶಾಲೆಯದ್ದಲ್ಲ!

ಬಾಯಿಮಾತು ಬಿಟ್ಟು ಅರ್ಜಿ ಬರೆದೆ. 16 ಮತ್ತು 17ನೇ ಸೆಕ್ಷನ್ ಕೂಡ ಹಾಕಿದೆ. ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ, ಪರೀಕ್ಷೆಗೆ ಹೆಚ್ಚು ಸಮಯ, ಬರೆಯಲು ಸಹಾಯಕರು, ಎಲ್ಲ ಅದರಲ್ಲಿದೆ. ವೈಕಲ್ಯದ ಸರ್ಟಿಫಿಕೇಟ್ ಜೆರಾಕ್ಸ್ ಲಗತ್ತಿಸಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಲೆಯ ಸೀಲು ಹಾಕಿಸಿಕೊಂಡೆ. ಆ ಸೀಲು ಬಿದ್ದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಈಗ ಮೊದಲ ಬೆಂಚು. ಮೊನ್ನೆಯ ಟೆಸ್ಟಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೊಟ್ಟರು. ಮೊದಲೆಲ್ಲ ಮೂಗು ಹಾಳೆಗೆ ತಾಗಿ ಶಾಯಿ ಅಂಟಿಸಿಕೊಂಡು ಬರುತ್ತಿದ್ದಳು. ಆವತ್ತು ಮುಖ ಸ್ವಚ್ಛವಾಗಿತ್ತು.

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಣಿತದ ಚಿತ್ರಗಳದ್ದು ಇನ್ನೂ ಕಷ್ಟ ಇದೆ, ಅದಕ್ಕೆ ಮೇಷ್ಟ್ರ ಹತ್ತಿರ ಮಾತಾಡುತ್ತಿದ್ದೇನೆ.