ಲೆ ಮೋರ್ನ್ ಬೆಟ್ಟ ಮತ್ತು ನಮ್ಮ ಮನೆಯ ವಾಟ್ಸಾಪ್ ಗುಂಪು

ಕುಂಜಿಬೆಟ್ಟು ತಮ್ಮ:
(ಹಲವು ಬಾರಿ ಫಾರ್ವರ್ಡ್ ಆದ ವಿಡಿಯೋ) “ಮಾರಿಷಸ್‌ನ ಲೆ ಮೋರ್ನ್ ಬೆಟ್ಟ. ಎತ್ತರ ಕೇವಲ 556 ಮೀಟರ್. ಯಾರು ಬೇಕಾದರೂ ಹತ್ತಬಹುದು. ಒಂದೇ ಗಂಟೆಯಲ್ಲಿ ತುತ್ತತುದಿ! ಮೇಲೆ ನಿಂತು ಸಮುದ್ರದೊಳಗಿನ ಜಲಪಾತ ನೋಡಿ!”

ಡಿಸೆಂಬರ್ ರಜೆಯಲ್ಲಿ ಎಲ್ಲರೂ ಸೇರಿ ಮಾರಿಷಸ್‌ಗೆ ಹೋಗುವುದೆಂದು ಹೇಗೂ ಮಾತಾಗಿದೆ. ಅದರಲ್ಲಿ ಒಂದು ಬೆಳಗನ್ನು ಈ ಬೆಟ್ಟಕ್ಕೆ ಇಟ್ಟುಕೊಳ್ಳೋಣ ಎಂಬುದು ನನ್ನ ಸೂಚನೆ. ಕುದುರೆಮುಖದ ಮೂರರಲ್ಲೊಂದು ಪಾಲು ಎತ್ತರವೂ ಇಲ್ಲದ ಗುಡ್ಡ ಇದು. ದೊಡ್ಡಪ್ಪ, ಚಿಕ್ಕಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ತುದಿಯಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳಬಹುದು.

ಸುರತ್ಕಲ್ ಚಿಕ್ಕಮ್ಮ:
ವಿಡಿಯೋ ಎರಡು ಸಲ ನೋಡಿದೆ ಮಗಾ. ಆ ನೀರಿನ ಬಣ್ಣ ನೋಡುವಾಗಲೇ ಮನಸ್ಸು ಅಲ್ಲಿಗೆ ಹೋಗಿಬಿಟ್ಟಿತು. ಒಂದು ಗಂಟೆಯ ದಾರಿ ಎಂದಾದರೆ ನಾನೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ಹತ್ತುತ್ತೇನೆ.

ಕದ್ರಿ ಅಕ್ಕ:
ಚಿಕ್ಕಮ್ಮ, ದಯವಿಟ್ಟು ಈ ವಿಡಿಯೋವನ್ನು ನಂಬಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಡಿ. ತಮ್ಮಾ, ನಿನ್ನ ಉತ್ಸಾಹಕ್ಕೆ ಅಡ್ಡ ಬರುವ ಉದ್ದೇಶ ನನಗಿಲ್ಲ. ಆದರೆ ನಮ್ಮವರೂ ನಾನೂ ಆ ಹಾದಿಯಲ್ಲಿ ನಡೆದವರಾದ ಕಾರಣ ಸುಮ್ಮನಿರಲು ಆಗುತ್ತಿಲ್ಲ. ಆ ಬರಹದಲ್ಲಿ ಎತ್ತರದ ಅಂಕೆಯೊಂದು ಸರಿ, ಮಿಕ್ಕ ಮಾತುಗಳೆಲ್ಲ ತಪ್ಪು.

ಹೋಗಿ ಬರುವ ದಾರಿ ಒಟ್ಟು ಸುಮಾರು 7 ಕಿಲೋಮೀಟರ್, ಅದಕ್ಕೆ 3ರಿಂದ 4 ಗಂಟೆ ಬೇಕು. ಮೊದಲರ್ಧ ಜೀಪು ಹೋಗುವಷ್ಟು ಅಗಲದ ಏರುದಾರಿ. ಅಲ್ಲಲ್ಲಿ ಮರಗಳ ನೆರಳೂ ಉಂಟು. ಅದು ಮುಗಿಯುವಲ್ಲಿ ಒಂದು ತೆರೆದ ಜಾಗ ಸಿಗುತ್ತದೆ, ಅಲ್ಲಿಂದ ಕೆಳಗೆ ಹವಳದ ದಂಡೆಯೂ ಅದರೊಳಗಿನ ತಿಳಿನೀರೂ ಚೆನ್ನಾಗಿ ಕಾಣುತ್ತವೆ. ಅಲ್ಲಿಂದ ಮೇಲಕ್ಕೆ ಬೆಟ್ಟದ ಸ್ವಭಾವವೇ ಬೇರೆ. ಹಾದಿ ಎಂಬುದು ಕಪ್ಪು ಬಂಡೆಯ ಮೇಲಿನ ಗುರುತಾಗಿ ಉಳಿಯುತ್ತದೆ, ಕೈಗೆ ಹಿಡಿತ ಹುಡುಕಿ ಕಾಲಿಗೆ ಅಂಚು ಹುಡುಕಿ ಏರಬೇಕಾಗುತ್ತದೆ, ಕೆಲವು ಕಡೆ ಇಳಿದು ಬರುವವರು ದಾಟುವ ತನಕ ಬಂಡೆಗೆ ಆತುಕೊಂಡೇ ಕಾಯಬೇಕಾಗುತ್ತದೆ. ಬಸಾಲ್ಟ್ ಶಿಲೆ ಒಣಗಿದ್ದಾಗ ಕಾಲನ್ನು ಹಿಡಿದುಕೊಳ್ಳುತ್ತದೆ, ಒಂದು ಹನಿ ಮಳೆ ಬಿದ್ದರೆ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಏಕೆಂದರೆ ಇಳಿಯುವಾಗ ಕಾಲಿಡುವ ಜಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊಣಕಾಲು ನೋವಿದ್ದವರಿಗೆ ಅಲ್ಲಿ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ.

ಇನ್ನು ‘ತುತ್ತತುದಿ’ಯ ವಿಚಾರ. ಜನರು ಹೋಗುವ ಹಾದಿ ಸುಮಾರು 500 ಮೀಟರ್ ಎತ್ತರದಲ್ಲಿರುವ ಒಂದು ಶಿಲುಬೆಯ ಬಳಿ ಮುಗಿಯುತ್ತದೆ. ನಿಜವಾದ ಶಿಖರ ಅದರಾಚೆ, ನಡುವೆ ಕಡಿದಾದ ಕಂದರವುಂಟು, ಸಾಮಾನ್ಯರು ಅಲ್ಲಿಗೆ ಹೋಗುವಂತಿಲ್ಲ. ವಿಡಿಯೋ ಮಾಡಿದವರು ನಿಂತಿರುವುದೂ ಶಿಲುಬೆಯ ಪಕ್ಕದಲ್ಲೇ. ಆ ಜಲಪಾತವಂತೂ ಬೆಟ್ಟದಿಂದ ಹಾಗೆ ಕಾಣುವುದೇ ಇಲ್ಲ. ಸಮುದ್ರದ ತಳದ ಮರಳು ಮತ್ತು ಹೂಳು ಆಳದ ಕಡೆಗೆ ಸರಿಯುವುದರಿಂದ ಉಂಟಾಗುವ ಕಣ್ಣಿನ ಭ್ರಮೆ ಅದು; ಹೆಲಿಕಾಪ್ಟರಿನಿಂದಲೋ ಡ್ರೋನಿನಿಂದಲೋ ನೋಡಿದರಷ್ಟೇ ಧುಮುಕುವ ನೀರಿನಂತೆ ತೋರುತ್ತದೆ. ಅದಕ್ಕಾಗಿಯೇ ಹತ್ತಿದವರಿಗೆ ನಿರಾಸೆ ಖಂಡಿತ.

ಕುಂಜಿಬೆಟ್ಟು ತಮ್ಮ:
ಅಕ್ಕಾ, ಜಲಪಾತದ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೆ ಉಳಿದದ್ದು ಸ್ವಲ್ಪ ಹೆಚ್ಚಾಯಿತೆಂದು ನನಗೆ ಅನಿಸುತ್ತದೆ. ಗಡಾಯಿಕಲ್ಲು ಸುಮಾರು 1,700 ಅಡಿ, ಅಂದರೆ ಹೆಚ್ಚುಕಡಿಮೆ ಇಷ್ಟೇ ಎತ್ತರ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ, ಯಾರೂ ಬೀಳಲಿಲ್ಲ. ಬೆಳ್ತಂಗಡಿಯಲ್ಲಿ ಆಗುವುದು ಮಾರಿಷಸ್‌ನಲ್ಲಿ ಏಕೆ ಆಗಬಾರದು?

ಕದ್ರಿ ಅಕ್ಕ:
ಗಡಾಯಿಕಲ್ಲಿನ ಹೆಸರು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ಮಾತೂ ಅದರಿಂದಲೇ ಸ್ಪಷ್ಟವಾಗುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ್ ಅಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಕೋಟೆಯೆಂದ ಮೇಲೆ ಸೈನಿಕರು, ಸಾಮಾನು, ಮದ್ದುಗುಂಡು ಎಲ್ಲವೂ ಮೇಲೆ ಹೋಗಬೇಕು. ಆದ್ದರಿಂದ ಅಲ್ಲಿ ಬಂಡೆಯನ್ನು ಕಡಿದು ಮೆಟ್ಟಿಲು ಮಾಡಿದ್ದಾರೆ. 1,800ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಮ್ಮ ಮಕ್ಕಳು ಹತ್ತಿದ್ದು ಹೌದು, ಆದರೆ ಅವರು ಹತ್ತಿದ್ದು ಮೆಟ್ಟಿಲನ್ನು. ಲೆ ಮೋರ್ನ್‌ನ ಮೇಲ್ಭಾಗದಲ್ಲಿ ಅಂಥ ಮೆಟ್ಟಿಲುಗಳಿಲ್ಲ. ಎರಡಕ್ಕೂ ಎತ್ತರ ಒಂದೇ ಎಂದ ಮಾತ್ರಕ್ಕೆ ಎರಡೂ ಒಂದೇ ಬೆಟ್ಟವಾಗುವುದಿಲ್ಲ. ಮಳೆಗಾಲದ ಪಾಚಿಯಲ್ಲಿ ಗಡಾಯಿಕಲ್ಲಿನ ಮೆಟ್ಟಿಲೇ ಎಷ್ಟು ಜಾರುತ್ತದೆಂದು ನಿನಗೆ ಗೊತ್ತು. ಮೆಟ್ಟಿಲೂ ಇಲ್ಲದ ಕಡೆ ಅದೇ ಪರಿಸ್ಥಿತಿಯನ್ನು ಯೋಚಿಸು.

ಇನ್ನೊಂದು ಸಂಗತಿಯನ್ನೂ ನೋಡು. ಮಾರಿಷಸ್‌ನ ಅತಿ ಎತ್ತರದ ಶಿಖರವೇ 828 ಮೀಟರ್. ಅಂಕೆ ನೋಡಿ ಭಯಪಡುವುದಾದರೆ ಆ ದ್ವೀಪದಲ್ಲಿ ಭಯಪಡುವ ಬೆಟ್ಟವೇ ಇಲ್ಲ. ನಮ್ಮ ಘಟ್ಟದ ಲೆಕ್ಕದಲ್ಲಿ ಅವೆಲ್ಲ ಗುಡ್ಡೆಗಳು. ಆದರೆ ಲೆ ಮೋರ್ನ್ ಹತ್ತುವವರು ಬಹುತೇಕ ಸಮುದ್ರಮಟ್ಟದಿಂದಲೇ ಹೊರಡುತ್ತಾರೆ, ಆದ್ದರಿಂದ ಆ 500 ಮೀಟರಿನಲ್ಲಿ ಒಂದಂಶವೂ ವಾಹನದಲ್ಲಿ ಕಳೆಯುವುದಿಲ್ಲ, ಅಷ್ಟನ್ನೂ ಕಾಲೇ ಏರಬೇಕು. ಕುದುರೆಮುಖದ 1894 ಮೀಟರನ್ನು ಯಾರೂ ಪಣಂಬೂರು ಕಡಲ ತೀರದಿಂದ ಏರುವುದಿಲ್ಲವಲ್ಲ.

ಮಣಿಪಾಲದ ಭಾವ:
ಅಕ್ಕ ಹೇಳಿದ್ದಕ್ಕೆ ಪುಷ್ಟಿಯಾಗಿ ಒಂದು ಉದಾಹರಣೆ. ಅದೇ ದ್ವೀಪದಲ್ಲಿ ಪೋರ್ಟ್ ಲೂಯಿಸ್ ಪಕ್ಕದಲ್ಲಿ ಲೆ ಪೂಸ್ ಎಂಬ ಬೆಟ್ಟವಿದೆ. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಹತ್ತಿದ್ದು ಅದನ್ನೇ. ಅದರ ಎತ್ತರ 812 ಮೀಟರ್, ಲೆ ಮೋರ್ನ್‌ಗಿಂತ ಎಷ್ಟೋ ಹೆಚ್ಚು; ಆದರೂ ಒಳನಾಡಿನ ಎತ್ತರದ ನೆಲದಿಂದ ಹೊರಡುವ ಕಾರಣ ಹೆಚ್ಚಿನವರಿಗೆ ಅದೇ ಸುಲಭವೆನಿಸುತ್ತದೆ. ಕೊನೆಯ ಸ್ವಲ್ಪ ದೂರ ಮಾತ್ರ ಬಂಡೆ. ಎಲ್ಲರೂ ಒಟ್ಟಿಗೆ ಒಂದು ಬೆಟ್ಟ ಹತ್ತಲೇಬೇಕೆಂದಿದ್ದರೆ ಅದನ್ನು ಯೋಚಿಸಬಹುದು.

ಉಡುಪಿ ದೊಡ್ಡಪ್ಪ:
ನೀವೆಲ್ಲ ಕಾಲಿನ ಬಗ್ಗೆ ಮಾತನಾಡುತ್ತಿದ್ದೀರಿ, ಆ ಬೆಟ್ಟ ಯಾವುದು ಎಂಬುದನ್ನು ಯಾರೂ ಎತ್ತಲಿಲ್ಲ. ವಿಡಿಯೋದಲ್ಲಿ ಹುಡುಗರು ಬಂಡೆಯ ಅಂಚಿನಲ್ಲಿ ಕುಣಿಯುವುದನ್ನು ನೋಡಿ ನನಗೆ ಸಂಕಟವಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮನುಷ್ಯರು 18ನೆಯ ಶತಮಾನದಲ್ಲೂ 19ರ ಆರಂಭದಲ್ಲೂ ಅಡಗಿ ಬದುಕಿದ ಬೆಟ್ಟ ಅದು. ಆಫ್ರಿಕಾದ ನೆಲದಿಂದ, ಮಡಗಾಸ್ಕರಿನಿಂದ, ನಮ್ಮ ಭಾರತದಿಂದಲೂ ಹಿಡಿದು ತಂದು ಮಾರಿದವರು ಅವರಲ್ಲಿದ್ದರು. ಕಡಿದಾದ ಬಂಡೆ, ಗುಹೆ, ಯಾರೂ ಬೆನ್ನಟ್ಟಿ ಬರಲಾಗದ ಮೇಲ್ಭಾಗ, ಇವೇ ಅವರಿಗೆ ರಕ್ಷಣೆಯಾಗಿದ್ದವು. ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1835ರ ಫೆಬ್ರವರಿ 1ರಂದು. ಆ ಸುದ್ದಿ ತಿಳಿಸಲು ಬಂದ ಸಿಪಾಯಿಗಳನ್ನು ದೂರದಿಂದ ಕಂಡು, ಹಿಡಿಯಲೆಂದೇ ಬಂದರೆಂದು ಭಾವಿಸಿ, ಅನೇಕರು ಮೇಲಿನಿಂದ ಹಾರಿ ಪ್ರಾಣ ಬಿಟ್ಟರೆಂದು ಅಲ್ಲಿಯ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸೇರಿಸಿಕೊಂಡದ್ದೂ ಈ ಕಾರಣಕ್ಕೆ. ನೀರಿನ ಬಣ್ಣಕ್ಕೆ ಆ ಗೌರವ ಸಿಕ್ಕಿದ್ದಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥ ಜಾಗವನ್ನು ಹತ್ತುವುದೇ ಸರಿಯಲ್ಲ. ಕೆಳಗೆ ನಿಂತು ಕೈಮುಗಿದು ಬರಬೇಕು.

ಕುಂಜಿಬೆಟ್ಟು ತಮ್ಮ:
ದೊಡ್ಡಪ್ಪ, ನೀವು ಹೇಳಿದ ಕಥೆ ನನ್ನ ಮನಸ್ಸಿಗೆ ತಟ್ಟಿತು. ಆದರೆ ಹಾರಿ ಪ್ರಾಣ ಬಿಟ್ಟದ್ದು ಬಾಯಿಮಾತಿನಲ್ಲಿ ಉಳಿದು ಬಂದ ಸಂಗತಿ ಎಂದು ನೀವೇ ಹೇಳುತ್ತೀರಿ. ಅದನ್ನೇ ಕಾರಣವಾಗಿಟ್ಟು ಬೆಟ್ಟಕ್ಕೇ ಹೋಗಬಾರದೆಂದರೆ ಹೇಗೆ? ನಮ್ಮ ಊರಿನ ಎಷ್ಟೋ ಗುಡ್ಡೆಗಳಿಗೂ ಇಂಥ ಕಥೆಗಳಿವೆ.

ಉಡುಪಿ ದೊಡ್ಡಪ್ಪ:
ಬರೆದಿಡಲು ಅಕ್ಷರ ಕಲಿಸದೆ ಇಟ್ಟ ಜನರ ಕಥೆ ಬಾಯಿಯಲ್ಲಿ ಅಲ್ಲದೆ ಇನ್ನೆಲ್ಲಿ ಉಳಿಯಬೇಕು ಮಗಾ? ದಾಖಲೆಗಳನ್ನು ಬರೆದವರು ಅವರನ್ನು ಬೆನ್ನಟ್ಟಿದವರೇ. ತುಳುನಾಡಿನಲ್ಲಿ ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ನಮ್ಮ ಪಾಡ್ದನಗಳನ್ನು ಬಾಯಿಮಾತೆಂದು ನಾವು ತಳ್ಳಿಹಾಕುತ್ತೇವೆಯೇ?

ಕದ್ರಿ ಅಕ್ಕ:
ಪಾಡ್ದನದ ಮಾತು ಒಪ್ಪುತ್ತೇನೆ ದೊಡ್ಡಪ್ಪ. ಆದರೆ ಹತ್ತಲೇಬಾರದು ಎಂಬುದನ್ನು ಒಪ್ಪಲಾರೆ. ಆ ದ್ವೀಪದವರೇ ಆ ಹಾದಿಯಲ್ಲಿ ಹತ್ತುತ್ತಾರೆ, ಪ್ರತಿ ವರ್ಷ ಫೆಬ್ರವರಿ 1ರಂದು ಬೆಟ್ಟದ ಬುಡದಲ್ಲಿ ಸೇರಿ ಸ್ಮರಿಸುತ್ತಾರೆ. ನಿಜ ಹೇಳಬೇಕೆಂದರೆ, ಆ ಮೇಲ್ಭಾಗದ ಬಂಡೆಗೆ ಎರಡೂ ಕೈ ಊರಿ ನಿಂತ ಹೊತ್ತಿನಲ್ಲೇ ನನಗೆ ಅವರ ಬದುಕು ಅರ್ಥವಾದದ್ದು. ಬೂಟು ಹಾಕಿ, ನೀರಿನ ಬಾಟಲಿ ಹಿಡಿದು, ಹಗಲು ಹೊತ್ತಿನಲ್ಲಿ ಗುರುತು ಮಾಡಿಟ್ಟ ಹಾದಿಯಲ್ಲಿ ಹೋಗುವಾಗಲೇ ಅಷ್ಟು ಅಂಜಿಕೆಯಾಗುತ್ತದೆ; ಹಿಂದೆ ಬಂದೂಕು ಹಿಡಿದವರಿರುವಾಗ, ಯಾವ ಹಾದಿಯೂ ಇಲ್ಲದೆ, ಮಗುವನ್ನು ಎತ್ತಿಕೊಂಡು ಅದನ್ನು ಏರಿದವರು ಕೆಳಗಿನ ತೋಟದಲ್ಲಿ ಏನನ್ನು ಅನುಭವಿಸಿರಬೇಕು? ಕೆಳಗೆ ನಿಂತು ಓದಿದ್ದರೆ ನನಗೆ ಇದು ಇಷ್ಟು ಆಳವಾಗಿ ತಾಗುತ್ತಿರಲಿಲ್ಲ. ಆದ್ದರಿಂದಲೇ ‘ಯಾರು ಬೇಕಾದರೂ ಹತ್ತಬಹುದು’ ಎಂಬ ಸಾಲು ನನಗೆ ಸಹಿಸಲಾಗದು. ಕಷ್ಟವೆಂಬ ಕಾರಣಕ್ಕೇ ಜನ ಅಲ್ಲಿ ಅಡಗಿದರು. ಅದನ್ನು ಸುಲಭವೆಂದು ಹೇಳುವುದು ಹತ್ತುವವರ ಪ್ರಾಣಕ್ಕೂ ಅಪಾಯ, ಅಲ್ಲಿ ಬದುಕಿದವರಿಗೂ ಅನ್ಯಾಯ.

ಕುಣಿಯುವುದು ಬೇಡವೆಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಹಾದಿ ಬಿಟ್ಟು ಪೊದೆಗಳಲ್ಲಿ ನುಗ್ಗುವುದೂ ಬೇಡ. ಮಾರಿಷಸ್‌ನ ರಾಷ್ಟ್ರೀಯ ಹೂವಾದ ಟ್ರೊಕೇಶಿಯಾ ಗಿಡ ಕಾಡಿನಲ್ಲಿ ತಾನಾಗಿ ಬೆಳೆಯುವುದು ಈ ಒಂದು ಬೆಟ್ಟದಲ್ಲಿ ಮಾತ್ರ.

ಮಣಿಪಾಲದ ಭಾವ:
ತಿಂಗಳ ವಿಷಯವನ್ನೂ ಈಗಲೇ ಎತ್ತಿಬಿಡುತ್ತೇನೆ. ಡಿಸೆಂಬರ್ ಎಂದರೆ ನಮಗೆ ತಂಪು ಹೊತ್ತು, ಅಲ್ಲಿಗೆ ಅದು ನಡುಬೇಸಗೆ. ಮಾರಿಷಸ್ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 20 ಡಿಗ್ರಿಯಲ್ಲಿದೆ. ಡಿಸೆಂಬರಿನ ನಡುಹಗಲಿಗೆ ಸೂರ್ಯ ಬಹುತೇಕ ನೆತ್ತಿಯ ಮೇಲೆಯೇ ಇರುತ್ತಾನೆ. ಮೇಲಿನ ಬಂಡೆಯಲ್ಲಿ ನೆರಳೂ ಇಲ್ಲ. ಅದಲ್ಲದೆ ನವೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಚಂಡಮಾರುತದ ಕಾಲ. ನಮ್ಮಲ್ಲಿ ಜುಲೈ-ಆಗಸ್ಟ್‌ನ ಆಟಿಯ ಮಳೆ ಸುರಿಯುವಾಗ ಅಲ್ಲಿ ಒಣ ಚಳಿಗಾಲ, ಆದರೆ ಆಗ ಆಗ್ನೇಯದ ಗಾಳಿ ಜೋರು. ಅಕ್ಟೋಬರ್ ತಿಂಗಳಲ್ಲಿ ಮಳೆ ಅತಿ ಕಡಿಮೆ. ಮಕ್ಕಳಿಗೆ ದಸರಾ ರಜೆಯೂ ಇರುತ್ತದೆ.

ಸುರತ್ಕಲ್ ಚಿಕ್ಕಮ್ಮ:
ನವರಾತ್ರಿಯಲ್ಲಿ ಮನೆ ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ. ಕುದ್ರೋಳಿಯ ಮೆರವಣಿಗೆ ನೋಡದ ವರ್ಷವೇ ಇಲ್ಲ ನನಗೆ. ಅದು ಮುಗಿದ ಮರುದಿನ ಹೊರಡುವುದಾದರೆ ಸರಿ. ಆದರೆ ಮಗಳೇ, ನನ್ನನ್ನು ಹೋಟೆಲಿನಲ್ಲಿ ಕೂರಿಸಿ ನೀವೆಲ್ಲ ಹೋಗುವುದಾದರೆ ನನಗೆ ಬೇಸರವಾಗುತ್ತದೆ.

ಕದ್ರಿ ಅಕ್ಕ:
ನಿಮ್ಮನ್ನು ಹೋಟೆಲಿನಲ್ಲಿ ಕೂರಿಸುವ ಮಾತೇ ಇಲ್ಲ ಚಿಕ್ಕಮ್ಮ. ಅಗಲದಾರಿ ಮುಗಿಯುವ ಆ ತೆರೆದ ಜಾಗದ ತನಕ ನೀವೂ ನಮ್ಮೊಂದಿಗೆ ನಡೆಯಬಹುದು. ನೀರಿನ ಬಣ್ಣ ಅಲ್ಲಿಂದಲೇ ಅತ್ಯಂತ ಚೆನ್ನಾಗಿ ಕಾಣುತ್ತದೆ, ಮೇಲೆ ಹೋದವರಿಗೆ ಉಸಿರು ಬಿಟ್ಟು ನೋಡಲು ಪುರುಸೊತ್ತು ಸಿಗುವುದೇ ಕಡಿಮೆ. ಅಲ್ಲಿ ಕುಳಿತು ಹಿಂತಿರುಗಿದವರು ಬೆಟ್ಟ ಹತ್ತಲಿಲ್ಲ ಎಂದು ಯಾರೂ ಹೇಳಬಾರದು. ಚಿಕ್ಕ ಮಗಳು ನಿಮ್ಮ ಜೊತೆ ಅಲ್ಲಿಯೇ ಇರಲಿ. ದೊಡ್ಡವನು ಬರುವುದಾದರೆ ಮಾರ್ಗದರ್ಶಕರೊಬ್ಬರನ್ನು ಗೊತ್ತು ಮಾಡಿಕೊಂಡು, ತಮ್ಮನ ಮತ್ತು ಅವರ ನಡುವೆ ನಡೆಯಬೇಕು. ಒಬ್ಬೊಬ್ಬರಿಗೆ 2 ಲೀಟರ್ ನೀರು, ಹಿಡಿತವಿರುವ ಬೂಟು, ಎರಡೂ ಕೈ ಖಾಲಿ. ಹೊತ್ತು ಮೂಡುವಾಗಲೇ ಬುಡದಲ್ಲಿರಬೇಕು. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಎಲ್ಲರೂ ತೆರೆದ ಜಾಗದಿಂದಲೇ ತಿರುಗುವುದು, ಅಲ್ಲಿ ನಿಂತು ಚರ್ಚೆ ಇಲ್ಲ.

ಕುಂಜಿಬೆಟ್ಟು ತಮ್ಮ:
ದೊಡ್ಡವನ ವಿಷಯದಲ್ಲಿ ನೀವು ಅತಿಯಾಗಿ ಹೆದರುತ್ತೀರೆಂದೇ ನನಗೆ ಈಗಲೂ ಅನಿಸುತ್ತದೆ ಅಕ್ಕಾ, ಆದರೂ ಮಾರ್ಗದರ್ಶಕರನ್ನು ಗೊತ್ತು ಮಾಡುವುದಕ್ಕೆ ಅಡ್ಡಿಯಿಲ್ಲ. ವಿಜಯದಶಮಿಯ ನಂತರದ ಟಿಕೆಟಿನ ದರ ವಿಚಾರಿಸುತ್ತೇನೆ. ಈ ವಿಡಿಯೋವನ್ನು ನಮ್ಮ ಆಫೀಸಿನ ಗುಂಪಿಗೂ ಹಾಕಿದ್ದೆ. ನೀವು ಬರೆದ ಮೊದಲ ಸಂದೇಶವನ್ನು ಅಲ್ಲಿಗೂ ಕಳುಹಿಸಲೇ?

ಕದ್ರಿ ಅಕ್ಕ:
ಕಳುಹಿಸು. ದೊಡ್ಡಪ್ಪ ಬರೆದ ಇತಿಹಾಸವನ್ನೂ ಜೊತೆಗೆ ಸೇರಿಸು.

ಉಡುಪಿ ದೊಡ್ಡಪ್ಪ:
ನಾನು ಹತ್ತುವುದಿಲ್ಲ, ಆ ಮಾತು ಬದಲಾಗದು. ಬುಡದಲ್ಲಿ ಗುಲಾಮರ ಹಾದಿಯ ಸ್ಮಾರಕವಿದೆ, 2009ರಲ್ಲಿ ಆದದ್ದು. ಅಲ್ಲಿಗೆ ಹೋಗಲು ಒಂದು ಟ್ಯಾಕ್ಸಿಯನ್ನು ಬೇರೆಯೇ ಗೊತ್ತು ಮಾಡಿಡು ಮಗಾ. ನೀವು ಇಳಿದು ಬರುವ ತನಕ ನಾನು ಅಲ್ಲಿರುತ್ತೇನೆ.