ಸಹಾಯ ಬೇಕು: ಲಾಂಗ್ ರನ್ ಎಷ್ಟು ನಿಧಾನ ಓಡಬೇಕು?

ಎಲ್ಲರಿಗೂ ನಮಸ್ಕಾರ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಬೆಂಗಳೂರಿನಲ್ಲೇ ತಯಾರಿ ನಡೆಸಿದ್ದೇನೆ. ಇದು ನನ್ನ ಮೊದಲ ಫುಲ್ ಮ್ಯಾರಥಾನ್. ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷದಲ್ಲಿ ಮುಗಿಸಿದ್ದೇನೆ, ಹಾಗಾಗಿ 42.195 ಕಿ.ಮೀ.ಗೆ ನಾಲ್ಕೂವರೆ ಗಂಟೆಯ ಗುರಿ. ಅಂದರೆ ಕಿಲೋಮೀಟರಿಗೆ ಸುಮಾರು 6 ನಿಮಿಷ 24 ಸೆಕೆಂಡ್.

ಲಾಂಗ್ ರನ್ (ತಯಾರಿಯ ದೂರದ ಓಟ) ಇದಕ್ಕಿಂತ ಒಂದು ನಿಮಿಷವಾದರೂ ನಿಧಾನ ಇರಲಿ ಅಂತ ಕಿಲೋಮೀಟರಿಗೆ 7 ನಿಮಿಷ 30 ಸೆಕೆಂಡಿನಲ್ಲಿ (7:30) ಓಡುತ್ತೇನೆ. ಕಬ್ಬನ್ ಪಾರ್ಕ್‌ನಲ್ಲಿ ಬೆಳಗ್ಗೆ ಶುರು ಮಾಡಿದಾಗ ಪಕ್ಕದವರ ಜೊತೆ ಆರಾಮಾಗಿ ಮಾತಾಡಿಕೊಂಡು ಹೋಗಬಹುದು. ಹಾರ್ಟ್ ರೇಟ್ 140ರ ಆಸುಪಾಸು. 18 ಕಿ.ಮೀ. ದಾಟಿ ಬಿಸಿಲು ಏರಿತು ಅಂದ್ರೆ ಅದೇ ವೇಗಕ್ಕೆ ವಾಚು 158 ತೋರಿಸುತ್ತದೆ. ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲುವುದಿಲ್ಲ. ಬೆವರು ಜಾಸ್ತಿ ಹರಿದು ಮೈಯಲ್ಲಿ ನೀರು ಕಡಿಮೆಯಾದಾಗ ಹೀಗೆ ಏರುವುದು ಸಹಜ, ಅದು ಗೊತ್ತು. ಆದರೆ ಆಗ ವೇಗ ಇಳಿಸಿ 140ಕ್ಕೆ ತರಬೇಕಾ, ಅಥವಾ 7:30 ಬಿಡದೆ ಹಿಡಿಯಬೇಕಾ?

ಇನ್ನೊಂದು. ಮುಂಬೈಯಲ್ಲಿ ಕಾಲು ಸೋತ ಹೊತ್ತಿಗೇ ಪೆಡ್ಡರ್ ರೋಡ್ ಏರು ಬರುತ್ತದೆ ಅಲ್ವಾ? ಅದಕ್ಕಾಗಿ ಲಾಂಗ್ ರನ್‌ನ ಕೊನೆಯ 4-5 ಕಿ.ಮೀ. ರೇಸ್ ವೇಗದಲ್ಲಿ ಓಡಿದರೆ ಒಳ್ಳೆಯದಾ? ಪ್ರತಿ ವಾರ ಹಾಗೆ ಮಾಡಿದರೆ ಮಂಡಿಗೆ ಹೊರೆ ಆಗುತ್ತದೆ ಅನ್ನಿಸುತ್ತದೆ.

ಇಲ್ಲಿಯ ತಂಪಿನಲ್ಲಿ ಓಡಿ ಅಲ್ಲಿಯ ಸೆಕೆಯಲ್ಲಿ ರೇಸ್ ಮುಗಿಸಿದವರು ಇದ್ದರೆ ದಯವಿಟ್ಟು ತಿಳಿಸಿ: ಗುರಿಯ ವೇಗದಲ್ಲಿ ಎಷ್ಟು ಸೆಕೆಂಡ್ ಬಿಟ್ಟುಕೊಟ್ಟಿರಿ?